ಬಿಸಿಲು ತಂದ ಹೋಪ್ಟನ್

ನನ್ನ ತಮ್ಮ ಹೋಪ್ಟನ್‌ಗೆ ಹೊಟ್ಟೆಕಿಚ್ಚನ್ನು ಯಾರೂ ಕಲಿಸಲಿಲ್ಲ, ಹುಟ್ಟುತ್ತಲೇ ತಂದುಕೊಂಡ. ಅವನಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ನಮ್ಮ ತಾಯಿ ತಬ್ಬಲಿ ಮೇಕೆಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಇವನು ಮರಿಯ ಪಕ್ಕ ಮಂಡಿಯೂರಿ ಕೂತು, ತನಗೂ ಬಾಟಲಿಯಲ್ಲೇ ಬೇಕೆಂದು ಹಟ ಹಿಡಿದ. ಆ ಮರಿ ಬೆಳೆದು, ಕ್ರಿಸ್‌ಮಸ್ ದಿನ ಸಾರಾಗಿ ತಟ್ಟೆಗೆ ಬಂದಾಗ ನಾನು ಅತ್ತು ಎದ್ದುಹೋದೆ. ಇವನು ಎರಡು ಸಲ ಹಾಕಿಸಿಕೊಂಡು ತಿಂದ. ನಮ್ಮ ಕಡೆ ಹೊಟ್ಟೆಕಿಚ್ಚಿನವರ ಕಣ್ಣು ಕೆಂಪು ಅನ್ನುತ್ತಾರೆ. ಅವತ್ತು ತಾಯಿ ಇಟ್ಟ ಕೆಂಗಣ್ಣ ಅನ್ನುವ ಹೆಸರು ದೋಣಿ ನಿಲ್ಲುವ ದಂಡೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ.

ಅದೊಂದು ಬಿಟ್ಟರೆ ಅವನಂಥ ಮನುಷ್ಯ ಸಿಗುವುದಿಲ್ಲ. ಮೀನಿಗೆ ತಂತಿಯ ಬೋನು ಹೆಣೆದು ಕಡಲಿಗೆ ಬಿಡುತ್ತಾನೆ. ಅದನ್ನು ಎಳೆದು ಎಳೆದು ಬಲಭುಜ ಎಡಕ್ಕಿಂತ ಕೆಳಗಿಳಿದಿದೆ. ಚರ್ಚಿನಲ್ಲಿ ಎಲ್ಲರಿಗಿಂತ ದಪ್ಪ ದನಿಯಲ್ಲಿ ಹಾಡುವವನು ಅವನೇ. ಕುಡಿದು ಯಾರ ಮೇಲೂ ಬಿದ್ದವನಲ್ಲ. ಶನಿವಾರ ಬೆಳಿಗ್ಗೆ ಮೊದಲ ಮೀನನ್ನು ನನ್ನ ಅಂಗಡಿಗೆ ಕೊಟ್ಟೇ ಬೇರೆ ಕಡೆ ಹೋಗುತ್ತಾನೆ. ಆದರೆ ಹೆಂಡತಿ ಡೆಲ್ಸಿಯ ವಿಷಯ ಬಂದರೆ ಮಾತ್ರ ತಲೆ ಅವನ ಹತೋಟಿಯಲ್ಲಿ ಇರುವುದಿಲ್ಲ. ಪಾದ್ರಿ ಅವಳ ಕೈ ಕುಲುಕಿ ತುಸು ಹೊತ್ತು ಹಿಡಿದುಕೊಂಡರೆಂದು ಕೆಲವು ಭಾನುವಾರ ಚರ್ಚಿನ ಕಡೆಗೇ ತಲೆ ಹಾಕಲಿಲ್ಲ. ರೇಡಿಯೋದಲ್ಲಿ ಹವಾಮಾನ ಹೇಳುವವನ ದನಿ ಚೆನ್ನಾಗಿದೆ ಅಂದಳೆಂದು ಅದರ ಸೆಲ್ ಬಿಚ್ಚಿ ಟಾರ್ಚಿಗೆ ಹಾಕಿಕೊಂಡ. ಹವಾಮಾನ ಕೇಳದೆ ಕಡಲಿಗಿಳಿಯುವ ಮೀನುಗಾರ ಇಡೀ ಜಮೈಕದಲ್ಲಿ ಅವನೊಬ್ಬನೇ ಇರಬೇಕು.

ಡೆಲ್ಸಿ ಕೆಲಸ ಮಾಡುವುದು ಗೋಡೆಯಲ್ಲಿ. ಕಡಲ ದಂಡೆಯ ಆ ಹೋಟೆಲಿಗೆ ಹೂವು, ಸ್ವರ್ಗ ಎಲ್ಲ ಸೇರಿಸಿದ ಉದ್ದನೆಯ ಹೆಸರೊಂದಿದೆ. ಊರಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ನಾವೆಲ್ಲ ಈಜು ಕಲಿತ ಜಾಗಕ್ಕೆ ಅಡ್ಡವಾಗಿ ಬಿಳಿ ಗೋಡೆ ಎದ್ದ ದಿನದಿಂದ ನಮಗೆ ಅದು ಗೋಡೆಯೇ. ಗಂಡ ಹೆಂಡತಿ ಜೋಡಿಜೋಡಿಯಾಗಿ ವಿಮಾನದಲ್ಲಿ ಬಂದಿಳಿಯುತ್ತಾರೆ, ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಿಸಿಕೊಳ್ಳುತ್ತಾರೆ. ಆಮೇಲೆ ಒಳಗೆ ಏನು ತಿಂದರೂ ಎಷ್ಟು ಕುಡಿದರೂ ಕೇಳುವವರಿಲ್ಲ. ಪಟ್ಟಿ ಇಲ್ಲದವರು ಕಾಲಿಡುವಂತಿಲ್ಲ. ಕೆಲಸದವರು ಹೋಗಿಬರುವ ಹಿಂದಿನ ಗೇಟಿನ ಎದುರಿಗೇ ನನ್ನ ತಗಡಿನ ಅಂಗಡಿ. ವಾರವಿಡೀ ಕರಿದ ಮೀನು, ಸುಟ್ಟ ದೀವಿಹಲಸು. ಶನಿವಾರ ಮಾತ್ರ ಸೂಪು. ಇಷ್ಟು ವರ್ಷ ಆ ಗೇಟನ್ನು ನೋಡುತ್ತ ಕೂತಿದ್ದೇನೆ, ಒಳಗೆ ಹೇಗಿದೆಯೆಂದು ಕಂಡವಳಲ್ಲ.

ಹೋಪ್ಟನ್‌ಗೆ ಡೆಲ್ಸಿ ಸಿಕ್ಕಿದ್ದೂ ಆ ಗೇಟಿನಲ್ಲೇ. ಆಗಿನ್ನೂ ಗೋಡೆಯ ಅಡುಗೆಮನೆಗೆ ಊರಿನ ಮೀನೇ ಹೋಗುತ್ತಿತ್ತು. ಇವನು ತಲೆಯ ಮೇಲೆ ಬುಟ್ಟಿ ಹೊತ್ತು, ಮೈಮೇಲೆ ನೀರು ಸೋರಿಸಿಕೊಂಡು ನಿಂತಿದ್ದಾನೆ. ಒಳಗಿನ ದಾರಿಯಲ್ಲಿ ಹೊಸ ಸಮವಸ್ತ್ರದ ಹುಡುಗಿಯೊಬ್ಬಳು ಬರುತ್ತಾಳೆ. ಅಷ್ಟು ದೂರದಿಂದಲೇ ಇವನನ್ನು ನೋಡಿ, ಕತ್ತನ್ನು ಒಂದು ಚೂರು ಎಡಕ್ಕೆ ವಾಲಿಸಿ ನಗುತ್ತಾಳೆ. ಹತ್ತಿರ ಬಂದು, "ಗುಡ್ ಮಾರ್ನಿಂಗ್ ಸರ್. ಬರ್ತಾ ಬಿಸಿಲನ್ನೂ ತಂದ್ರಿ ನೋಡಿ" ಅನ್ನುತ್ತಾಳೆ. ಅದುವರೆಗೆ ಇವನನ್ನು ಯಾರೂ ಸರ್ ಅಂದಿರಲಿಲ್ಲ. ಬಿಸಿಲು ತಂದವನು ಎಂದಂತೂ ದೇವರಾಣೆಗೂ ಅಂದಿರಲಿಲ್ಲ. ಮರುದಿನವೂ ಅದೇ ನಗು, ಅದೇ ಮಾತು. ಮುಗಿಯಿತು, ಹುಡುಗ ಮುಳುಗಿದ.

ಆ ಕಥೆಯನ್ನು ಅವನು ಡಾಮಿನೋ ಮೇಜಿನಲ್ಲಿ ಎಷ್ಟು ಸಲ ಹೇಳಿದ್ದಾನೆಂದರೆ ಊರಿನ ಮಕ್ಕಳಿಗೂ ಬಾಯಿಪಾಠ. "ನಾನು ಅವಳ ಹಿಂದೆ ಹೋಗ್ಲಿಲ್ಲ ಕಣ್ರೋ. ಅವಳೇ ಮೊದಲು ನಕ್ಕಿದ್ದು, ಅವಳೇ ಮೊದಲು ಮಾತಾಡ್ಸಿದ್ದು. ಬಿಸಿಲು ತಂದ್ರಿ ಅಂದ್ಳು." ಎದುರು ಕೂತವನು ಹೊಸಬನಾದರೆ ಮೊದಲಿಂದ ಮತ್ತೊಮ್ಮೆ. ಜಗತ್ತಿನಲ್ಲಿ ಪಾದ್ರಿ, ರೇಡಿಯೋದವನು, ಹೋಟೆಲು, ಎಲ್ಲರೂ ತನ್ನ ಹೆಂಡತಿಯನ್ನು ಸ್ವಲ್ಪ ಸ್ವಲ್ಪ ಕದಿಯುತ್ತಿದ್ದಾರೆ ಎಂದುಕೊಂಡವನಿಗೆ ಆ ಒಂದು ನಗುವಾದರೂ ತನ್ನದೇ ಎಂಬ ಧೈರ್ಯವಿತ್ತು.

ನನಗೂ ಡೆಲ್ಸಿ ಅಂದರೆ ಹೆಮ್ಮೆ. ಗಂಡನ ಅಕ್ಕನನ್ನು ಕಂಡರೆ ಪಾತ್ರೆ ಕುಕ್ಕುವ ಹೆಂಗಸರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಡೆಲ್ಸಿ ಮಾತ್ರ ನನ್ನ ಎದುರು ಒಂದು ದಿನ ಮುಖ ಗಂಟಿಕ್ಕಿದವಳಲ್ಲ. ಕೆಲಸ ಮುಗಿಸಿ ಗೇಟು ದಾಟಿ ಬರುವಾಗಲೇ ನಗುತ್ತ ಬರುತ್ತಾಳೆ. "ನೋಡ್ರೇ, ನನ್ ತಮ್ಮನ ಹೆಂಡ್ತಿ ನನ್ನ ಹೆಂಗೆ ಇಟ್ಕೊಂಡಿದಾಳೆ" ಎಂದು ನಾನು ಪಕ್ಕದ ಅಂಗಡಿಯ ಹೆಂಗಸರ ಹೊಟ್ಟೆ ಉರಿಸುತ್ತಿದ್ದೆ.

ಕಳೆದ ವರ್ಷ ಡೆಲ್ಸಿಗೆ ಬಹುಮಾನ ಬಂತು. ವರ್ಷಕ್ಕೊಮ್ಮೆ ಗೋಡೆಯವರು ಕೆಲಸದವರಲ್ಲಿ ಒಬ್ಬರನ್ನು ಆರಿಸಿ, ಗಂಡ ಹೆಂಡತಿ ಇಬ್ಬರನ್ನೂ ಅತಿಥಿಗಳ ಹಾಗೆ ಒಂದು ವಾರಾಂತ್ಯ ಉಳಿಸಿಕೊಳ್ಳುತ್ತಾರೆ. ಪಟ್ಟಿ, ಊಟ, ಕುಡಿತ, ಕಡಲಿಗೆ ಮುಖ ಮಾಡಿದ ಕೋಣೆ ಎಲ್ಲವೂ ಸಿಗುತ್ತದೆ. ಹೋಪ್ಟನ್ ಮೊದಲು ಬರುವುದಿಲ್ಲ ಎಂದ. "ಆ ಗೋಡೆ ನಮ್ಮ ದಂಡೆ ತಿಂತು, ನಿನ್ನ ಹಗಲೆಲ್ಲಾ ತಿಂತು. ಈಗ ನಾನೂ ಹೋಗಿ ಅದ್ರ ಬಾಯೊಳಗೆ ಕೂತ್ಕೋಬೇಕಾ?"

ಡೆಲ್ಸಿ ಮೀನಿನ ಪೊರೆ ಕೆರೆಯುತ್ತ ಕೂತಿದ್ದವಳು ಚಾಕು ಕೆಳಗಿಟ್ಟಳು. "ಇಷ್ಟು ವರ್ಷ ಕಂಡೋರ ಹಾಸಿಗೆ ಹಾಸಿದೀನಿ. ಬೇರೆಯೋರು ಹಾಸಿದ ಹಾಸಿಗೇಲಿ ಒಂದ್ಸಲ ಮಲಗ್ಬೇಕು ನಂಗೆ. ನೀನು ಬರ್ಲಿಲ್ಲ ಅಂದ್ರೆ ಮಿಸ್ ಎನಿಡ್‌ನ ಕರ್ಕೊಂಡು ಹೋಗ್ತೀನಿ."

ಮಿಸ್ ಎನಿಡ್ ಅಂದರೆ ನಾನೇ. ಚರ್ಚಿನ ಟೋಪಿ ಹಾಕಿಕೊಳ್ಳಬೇಕೋ ಬೇಡವೋ ಎಂದು ಆಗಲೇ ಯೋಚಿಸತೊಡಗಿದ್ದೆ. ಹೋಪ್ಟನ್ ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ತನ್ನ ಜಾಗದಲ್ಲಿ ಅಕ್ಕ ಹೋಗುತ್ತಾಳೆ ಅಂದ ಕೂಡಲೇ ಅವನಿಗೆ ಹೋಗಲೇಬೇಕು ಅನ್ನಿಸಿತು. ಶುಕ್ರವಾರ ಇಬ್ಬರೂ ಮುಂದಿನ ಗೇಟಿನಿಂದ ಒಳಗೆ ಹೋದರು. ನಾನು ಹಿಂದಿನ ಗೇಟಿನ ಎದುರು ಮೀನು ಕರಿಯುತ್ತ ಕೂತೆ. ಅವತ್ತು ಮೂರು ಮೀನು ಸೀದುಹೋದವು, ಸುಳ್ಳು ಯಾಕೆ ಹೇಳಲಿ.

ಒಳಗೆ ನಡೆದದ್ದನ್ನು ನಾನು ಕಂಡಿಲ್ಲ. ಅರ್ಧ ಅವನು ಹೇಳಿದ, ಅರ್ಧ ಅವಳು ಹೇಳಿದಳು, ಉಳಿದದ್ದನ್ನು ಬಾರಿನ ಎವರಲ್ಡ್ ನನ್ನ ಅಂಗಡಿಯಲ್ಲಿ ಮೀನು ತಿನ್ನುತ್ತ ಹೇಳಿದ.

ಕೋಣೆಗೆ ಹೋದರೆ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಡಚಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿವೆ. ಹೋಪ್ಟನ್‌ಗೆ ಅವು ಇಷ್ಟವಾದವು. ಡೆಲ್ಸಿಗೆ ಆಗಲಿಲ್ಲ. ಕತ್ತು ಸೊಟ್ಟಗಿದೆ ಎಂದು ಬಿಚ್ಚಿ ಮತ್ತೆ ಮಡಚಿದಳು. ಹಾಸಿಗೆಯ ಮೂಲೆ ಎಳೆದು ನೋಡಿದಳು, ಕಿಟಕಿಯ ಸಂದಿನಲ್ಲಿ ಬೆರಳಾಡಿಸಿದಳು. "ನೀನು ಮಲ್ಗಕ್ಕೆ ಬಂದಿದೀಯೋ ಗುಡ್ಸಕ್ಕೆ ಬಂದಿದೀಯೋ" ಎಂದ ಇವನು. ಅಷ್ಟರವರೆಗೆ ಅವನು ಖುಷಿಯಾಗಿಯೇ ಇದ್ದ. ಸೊಂಟದ ಮಟ್ಟ ನೀರಿನಲ್ಲಿ ನಿಂತು, ಗೋಡೆಯವರು ನೀರಿನಲ್ಲಿ ಗಡಿಗೆ ಕಟ್ಟಿದ ಹಗ್ಗದ ಆಚೆ ತನ್ನ ದೋಣಿ ಕಂಡು ಕೈ ಬೀಸಿದನಂತೆ. ದೋಣಿಯಲ್ಲಿ ಯಾರೂ ಇರಲಿಲ್ಲ.

ಸಂಜೆ ಬಾರಿನ ಹತ್ತಿರ ಹೊಟ್ಟೆಕಿಚ್ಚು ಎದ್ದಿತು. ಡೆಲ್ಸಿ ಹಳದಿ ಅಂಗಿ ಹಾಕಿಕೊಂಡು ಮುಂದೆ ಹೋಗಿದ್ದಳು. ಇವನು ಹೋಗುವಷ್ಟರಲ್ಲಿ ಅವಳ ಕೈಯಲ್ಲಿ ಲೋಟವಿತ್ತು, ಎವರಲ್ಡ್ ಏನೋ ಹೇಳುತ್ತಿದ್ದ, ಅವಳು ಕತ್ತು ವಾಲಿಸಿ ನಗುತ್ತಿದ್ದಳು. ಎವರಲ್ಡ್ ಎತ್ತರದ ಆಳು, ಹಲ್ಲಿನಲ್ಲಿ ಚಿನ್ನ. ಹೋಪ್ಟನ್ ಇಬ್ಬರ ನಡುವೆ ಮೊಣಕೈ ಊರಿ ನಿಂತ.

"ಬಾಸ್, ಏನ್ ಕೊಡ್ಲಿ? ಇವತ್ತು ಕೇಳಿದ್ದೆಲ್ಲಾ ಇದೆ" ಎಂದ ಎವರಲ್ಡ್.

"ಅವಳಿಗೇನು ಕೊಟ್ಟೆ?"

"ಮಿಸ್ ಡೆಲ್ಸಿಗಾ? ಶುಂಠಿ ಬಿಯರು. ಐಸ್ ಇಲ್ಲ, ಅರ್ಧ ನಿಂಬೆಹಣ್ಣು ಹಿಂಡಿ. ಇನ್ನೇನು ಕುಡೀತಾಳೆ ಅವಳು?"

"ಅವಳು ಐಸ್ ಹಾಕ್ಕೋತಾಳೆ."

"ಮನೇಲಿ ಹಾಕ್ಕೋತಾಳೇನೋ ಬಾಸ್. ಇಲ್ಲಿ ಇಲ್ಲ. ಹಲ್ಲು ಜುಮ್ ಅನ್ನತ್ತಂತೆ."

ಹೆಂಡತಿಯ ಹಲ್ಲು ಜುಮ್ಮೆನ್ನುವ ಸಂಗತಿ ಬಾರಿನವನಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ಅಲ್ಲಿಂದ ಹೋಪ್ಟನ್ ಏನು ಕುಡಿದನೋ ಏನು ತಿಂದನೋ ಅವನಿಗೇ ನೆನಪಿಲ್ಲ. ಅವಳು ಯಾರ ಕಡೆ ನಗುತ್ತಾಳೆ ಎಂದು ನೋಡುವುದೇ ಕೆಲಸವಾಯಿತು. ಎವರಲ್ಡ್ ಕಡೆ ನಕ್ಕಳು. ಗಿಡಕ್ಕೆ ನೀರು ಹಾಕುವವನ ಕಡೆ ನಕ್ಕಳು. ತಲೆ ಮೇಲೆ ಹುಲ್ಲಿನ ಟೋಪಿ ಇಟ್ಟುಕೊಂಡು, ಸುಟ್ಟ ಏಡಿಯ ಹಾಗೆ ಕೆಂಪಗಾದ ಪರದೇಶದ ಮುದುಕನೊಬ್ಬ ಎದುರಾದರೆ ಅವನ ಕಡೆಯೂ ನಕ್ಕಳು. ಮುದುಕ ಟೋಪಿ ತೆಗೆದು ಬಾಗಿದ. ಪಕ್ಕದಲ್ಲಿ ಅವನ ಹೆಂಡತಿ ಇದ್ದಳೆಂಬುದು ಹೋಪ್ಟನ್‌ಗೆ ಸಮಾಧಾನ ಕೊಡಲಿಲ್ಲ.

"ಅವನ್ಯಾರು?" ಎಂದ ಕೋಣೆಗೆ ಬಂದು.

"ಯಾರು?"

"ಟೋಪಿಯವನು."

"ನಂಗೇನ್ ಗೊತ್ತು. ಯಾರೋ ಗೆಸ್ಟು."

"ಗೊತ್ತಿಲ್ದೋನಿಗೆ ಅಷ್ಟು ಚೆನ್ನಾಗಿ ನಗ್ತೀಯಾ?"

ಡೆಲ್ಸಿ ಬೇರೆಯವರು ಹಾಸಿದ ಹಾಸಿಗೆಯಲ್ಲಿ ಕಾಲು ಚಾಚಿ ನಿದ್ದೆ ಹೋದಳು.

ಶನಿವಾರ ಬೆಳಿಗ್ಗೆ ತಿಂಡಿಗೆ ಹೋಗುವ ದಾರಿಯಲ್ಲಿ ಹುಲ್ಲುಹಾಸಿನ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರ ಸಾಲು ನಿಂತಿತ್ತು. ಕಲಿಸುವವಳು ಮಿಸ್ ಬರ್ನಿಸ್, ಡೆಲ್ಸಿಗೂ ಹಿಂದೆ ಅವಳೇ ಕಲಿಸಿದ್ದು. ಒಬ್ಬೊಬ್ಬಳೂ ದಾಸವಾಳದ ಕುಂಡವೊಂದರ ಕಡೆ ನಡೆದು ಬರಬೇಕು. ಕುಂಡವೇ ಅತಿಥಿ. ದೂರದಿಂದ ಕಂಡ ಕೂಡಲೇ ಕತ್ತು ವಾಲಿಸಿ ನಗಬೇಕು, ಹತ್ತಿರ ಬಂದಾಗ ಮಾತಾಡಿಸಬೇಕು. ಹುಡುಗಿಯೊಬ್ಬಳು ಕುಂಡದ ಮುಂದೆ ನಿಂತು ತಡವರಿಸುತ್ತಿದ್ದಳು. ಮಿಸ್ ಬರ್ನಿಸ್ ಕಣ್ಣಿಗೆ ಡೆಲ್ಸಿ ಬಿದ್ದಳು.

"ಮಿಸ್ ಡೆಲ್ಸಿ, ರಜಾ ಅಂತ ಗೊತ್ತು, ಒಂದ್ಸಲ ಈ ಹುಡ್ಗೀರಿಗೆ ತೋರಿಸ್ಬಿಡಿ. ಕುಂಡ ಬೇಡ, ನಿಮ್ಮ ಯಜಮಾನ್ರೇ ಇದಾರಲ್ಲ. ಸರ್, ಅಲ್ಲೇ ನಿಂತ್ಕೊಳಿ."

ಹೋಪ್ಟನ್ ಕುಂಡದ ಪಕ್ಕ ನಿಂತ. ಡೆಲ್ಸಿ ಆ ತುದಿಗೆ ಹೋಗಿ ತಿರುಗಿ ನಡೆದು ಬಂದಳು. ದೂರದಲ್ಲಿ ಅವನನ್ನು ಕಂಡಳು, ಕತ್ತು ಒಂದು ಚೂರು ಎಡಕ್ಕೆ ವಾಲಿತು, ನಕ್ಕಳು. ಹತ್ತಿರ ಬಂದು ನಿಂತು, "ಗುಡ್ ಮಾರ್ನಿಂಗ್ ಸರ್. ಬರ್ತಾ ಬಿಸಿಲನ್ನೂ ತಂದ್ರಿ ನೋಡಿ" ಎಂದಳು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಮಿಸ್ ಬರ್ನಿಸ್ ಅವರ ಕಡೆ ತಿರುಗಿ, "ನೋಡಿದ್ರಾ? ಸೇರಿದ ಮೊದಲನೇ ವಾರ ಹೆಂಗೆ ಹೇಳಿದ್ಲೋ ಇವತ್ತಿಗೂ ಹಂಗೇ. ಈಗ ಎಲ್ರೂ ಹೇಳಿ" ಎಂದಳು. ಸಾಲಾಗಿ ನಿಂತ ಹುಡುಗಿಯರೆಲ್ಲ ಕತ್ತು ವಾಲಿಸಿ, ಒಂದೇ ದನಿಯಲ್ಲಿ ನನ್ನ ತಮ್ಮನಿಗೆ ಅವನು ಬಿಸಿಲು ತಂದ ವಿಷಯ ಹೇಳಿದರು.

ಅವನು ತಿಂಡಿಯ ಕಡೆ ಹೋಗುವ ಬದಲು ಹಿಂದಿನ ಗೇಟಿನ ಕಡೆ ನಡೆದ. ಕಾವಲಿನವನು ಊರಿನವನೇ. "ಹೋಪ್ಟನ್, ಆ ಪಟ್ಟಿ ಕಿತ್ತರೆ ವಾಪಸ್ ಬಿಡಕ್ಕಾಗಲ್ಲ, ಮತ್ತೆ ನನ್ನ ಬಯ್ಬೇಡ" ಎಂದ. ಇವನು ಮಣಿಕಟ್ಟನ್ನು ಬಾಯಿಗೆ ತಂದು, ಮೀನಿನ ದಾರ ಕಡಿಯುವ ಹಾಗೆ ಪಟ್ಟಿ ಕಡಿದು ಉಗಿದ.

ನಾನು ಸೂಪಿಗೆ ಕುಂಬಳಕಾಯಿ ಹಾಕುತ್ತಿದ್ದೆ. ಹೂವಿನ ಅಂಗಿ ತೊಟ್ಟ ತಮ್ಮ ಬರಿಗಾಲಲ್ಲಿ ಬಂದು ಬೆಂಚಿನ ಮೇಲೆ ಕುಕ್ಕರಿಸಿದ. ಮುಖ ನೋಡಿ, ಯಾರಾದರೂ ಸತ್ತರೇ ಎಂದು ಕೇಳಿದೆ. ಅವನು ನಡೆದದ್ದನ್ನು ಹೇಳಿದ.

"ಅಕ್ಕ, ಅವಳು ನನ್ನ ನೋಡಿ ನಗ್ಲಿಲ್ಲ. ಅವತ್ತು ಅಲ್ಲಿ ಕುಂಡ ಇದ್ದಿದ್ರೆ ಕುಂಡಕ್ಕೂ ಅದನ್ನೇ ಹೇಳ್ತಿದ್ಳು."

"ಏನೋ ಈಗ? ಎಷ್ಟೋ ವರ್ಷದ ಹಿಂದಿನ ಮಾತು. ಮನೆ ಮಾಡಿದ್ಳು, ನಿನ್ ಜೊತೆ ಬಾಳಿದ್ಳು."

"ಕೆಲಸ ಅಂತ ಬಾಳಿರ್ಬೋದು. ಅವಳು ಕೆಲಸ ಚೆನ್ನಾಗಿ ಮಾಡ್ತಾಳೆ, ಬಹುಮಾನಾನೇ ಕೊಟ್ಟಿದಾರಲ್ಲ." ಆಮೇಲೆ ಹೇಳಿದ, "ನಾಳೆ ಪೆಡ್ರೊಗೆ ದೋಣಿ ಹೊರಡತ್ತೆ. ಒಬ್ಬ ಆಳು ಬೇಕಂತೆ. ನಾನು ಹೋಗ್ತೀನಿ."

ನನ್ನ ಕೈಯಿಂದ ಕುಂಬಳಕಾಯಿ ಜಾರಿ ಸೂಪಿಗೆ ಬಿತ್ತು. ಪೆಡ್ರೊ ಅಂದರೆ ದಕ್ಷಿಣಕ್ಕೆ ನಡುಗಡಲಿನಲ್ಲಿರುವ ಬೋಳು ದಿಬ್ಬಗಳು. ಮೀನು ಹಿಡಿಯಲು ಹೋದ ಗಂಡಸರು ತಿಂಗಳುಗಟ್ಟಲೆ ಅಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಾರೆ. ನನ್ನವನೂ ಹೋಗಿದ್ದ. ಮೊದಲು ಮೀನು ಕಳಿಸಿದ, ಆಮೇಲೆ ಮಾತು ಕಳಿಸಿದ, ಆಮೇಲೆ ಅಲ್ಲೇ ಇನ್ನೊಬ್ಬಳ ಒಲೆಯ ಮುಂದೆ ಕೂತುಬಿಟ್ಟ. ಆ ಹೆಂಗಸಿನ ಮುಖವನ್ನು ನಾನು ನೋಡಿಲ್ಲ, ಆದರೂ ಅವಳ ಮೇಲಿನ ಉರಿ ಇನ್ನೂ ಆರಿಲ್ಲ. "ಹೋದ್ರೆ ನನ್ನ ಹೊಸ್ತಿಲು ತುಳೀಬೇಡ" ಎಂದೆ. ಅವನು ತಲೆಯೆತ್ತಲಿಲ್ಲ. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ ಎಂದು ನನಗೆ ಅರ್ಥವಾಯಿತು.

ಆಗ ಗೇಟಿನಿಂದ ಡೆಲ್ಸಿ ಹೊರಗೆ ಬಂದಳು. ಒಂದು ಕೈಯಲ್ಲಿ ಇಬ್ಬರ ಚೀಲ, ಇನ್ನೊಂದು ಕೈಯಲ್ಲಿ ಅವನ ಚರ್ಚಿನ ಶೂ. ಅವಳ ಮಣಿಕಟ್ಟಿನಲ್ಲೂ ಪಟ್ಟಿ ಇರಲಿಲ್ಲ. ಅವತ್ತು ಸಂಜೆ ದಂಡೆಯ ಮೇಲೆ ಅವರಿಬ್ಬರಿಗೇ ಮೇಜು ಹಾಕಿ ದೊಡ್ಡ ಸೀಗಡಿ ಬಡಿಸುವುದಿತ್ತು. ಅವಳು ಅದನ್ನು ವಾರದಿಂದ ಹೇಳಿಕೊಂಡು ತಿರುಗಿದ್ದಳು. ಶೂಗಳನ್ನು ಅವನ ಕಾಲ ಮುಂದೆ ಎಸೆದಳು.

"ಮುಗೀತಾ ನಿನ್ನ ನಾಟಕ?"

"ನಾಟಕ ಮಾಡಿದ್ದು ನಾನಲ್ಲ. ಆ ಹುಡ್ಗೀರಿಗೆಲ್ಲಾ ಹಂಚಿದ್ಯಲ್ಲ, ಅದು ನನ್ನ ಮಾತು."

"ನಿನ್ನ ಮಾತಲ್ಲ, ಹೋಟ್ಲು ಮಾತು. ಮೊದಲನೇ ವಾರ ಬಾಯಿಪಾಠ ಮಾಡ್ಸಿದ್ರು. ಕಣ್ಣಿಗೆ ಬಿದ್ದೋರಿಗೆಲ್ಲಾ ಹೇಳಿ ಅಭ್ಯಾಸ ಮಾಡ್ಕೊಳಿ ಅಂದ್ರು. ಗಿಡದವನಿಗೆ ಹೇಳ್ದೆ, ಕಸದ ಲಾರಿಯವನಿಗೆ ಹೇಳ್ದೆ, ನಿಂಗೂ ಹೇಳ್ದೆ."

"ಕಸದ ಲಾರಿಯವನಿಗೂ?"

"ಅವನಿಗೆ ಎರಡು ಸಲ. ಮೊದಲನೇ ಸಲ ಸರಿ ಬರ್ಲಿಲ್ಲ."

ಹೋಪ್ಟನ್ ಕಣ್ಣು ನಿಜಕ್ಕೂ ಕೆಂಪಾಗಿತ್ತು. "ಹಂಗಾದ್ರೆ ಡಾಮಿನೋ ಆಡೋವಾಗ ನಾನು ಊರಿಗೆಲ್ಲಾ ಹೇಳ್ತಿದ್ದಾಗ 'ಸುಳ್ಳು' ಅಂತ ಯಾಕೆ ಹೇಳ್ಲಿಲ್ಲ?"

"ನಿಂಗೆ ಅದು ಇಷ್ಟ ಅಂತ ಸುಮ್ನಿದ್ದೆ. ಐಸೂ ಹಂಗೇ. ನಾನು ಕೇಳೋಕ್ ಮುಂಚೆ ಲೋಟಕ್ಕೆ ಹಾಕಿ ತಂದ್ಕೊಡ್ತೀಯ, ಕುಡೀತೀನಿ." ಡೆಲ್ಸಿ ಬೆಂಚಿನ ಆ ತುದಿಯಲ್ಲಿ ಕೂತಳು. "ಊರಿಗೆಲ್ಲಾ ಆ ನಗು ಕಥೆ ಹೇಳಿದ್ಯಲ್ಲ, ಕೆಟ್ಟ ಮೀನಿನ ಕಥೆ ಯಾವತ್ತಾದ್ರೂ ಹೇಳಿದೀಯಾ?"

ಅವನು ನೆಲ ನೋಡಿದ. ನನಗೆ ಅಂಥ ಕಥೆಯೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಯಾವ ಮೀನು ಎಂದು ಕೇಳಿದೆ. ಡೆಲ್ಸಿ ಹೇಳಿದಳು. ಆ ನಗುವಿನ ಹುಚ್ಚಿನಲ್ಲಿ, ಮೀನು ಸರಿಯಾಗಿ ಸಿಗದ ದಿನವೂ ಗೇಟಿಗೆ ಬರಬೇಕೆಂದು ಇವನು ಹಿಂದಿನ ದಿನದ ಮೀನನ್ನು ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ನಾಲ್ಕು ತಾಜಾ ಮೀನು ಮುಚ್ಚಿ ತಂದಿದ್ದ. ಅವಳು ವಾಸನೆ ಹಿಡಿದು ಬುಟ್ಟಿ ಕೆದಕಿ ನೋಡಿ, ಎಲ್ಲರ ಎದುರು ಬೆವರಿಳಿಸಿದ್ದಳು. ನಾಚಿಕೆ ಆಗಲ್ವಾ, ಇದನ್ನ ತಿಂದೋರು ಏನಾಗ್ಬೇಕು, ಅಂಗಿ ತೋಳು ಹರಿದು ನೇತಾಡ್ತಿದೆ, ಮನೇಲಿ ಹೊಲಿಯೋರು ಗತಿ ಇಲ್ವಾ ಎಂದು. ಇವನು ಅವಮಾನದಿಂದ ಗೇಟಿನ ಕಡೆ ಬರುವುದನ್ನೇ ಬಿಟ್ಟ. ಅವಳೇ ಸೂಜಿ ದಾರ ತಗೊಂಡು ದೋಣಿಗಳ ಹತ್ತಿರ ಹುಡುಕಿಕೊಂಡು ಹೋದಳು.

"ಗೋಡೆ ಒಳಗೆ ನಿಂತು ನಾನು ಮುಖ ಗಂಟಿಕ್ಕಿದ್ದು ಅದೊಂದೇ ದಿನ" ಎಂದಳು ಡೆಲ್ಸಿ. "ಅದಕ್ಕೆ ಮಿಸ್ ಬರ್ನಿಸ್ ಹತ್ರ ಬಾಯಿಗೆ ಬಂದಂಗೆ ಬೈಸ್ಕೊಂಡೆ. ಕೆಲಸ ಹೋಗೋದ್ರಲ್ಲಿತ್ತು. ಯಾವನೋ ಮೀನಿನವನಾಗಿದ್ರೆ ನಂಗೇನಾಗ್ಬೇಕಿತ್ತು ಹೋಪ್ಟನ್? ಕತ್ತು ವಾಲ್ಸಿ ನಕ್ಕು ಒಳಗೆ ಹೋಗ್ತಿದ್ದೆ."

ಅವನು ಅಂಗಿಯ ತೋಳನ್ನು ಎಳೆದುಕೊಂಡ.

"ಮನೇಲಿ ನಿನ್ನ ಮುಂದೆ ಯಾವತ್ತಾದ್ರೂ ಆ ನಗು ನಕ್ಕಿದೀನಾ?"

"ಇಲ್ಲ."

"ದವಡೆ ನೋಯ್ತಿರತ್ತೆ. ಮನೆಗೆ ಬಂದು ನಿನ್ನ ಮುಂದೆ ಮುಖಾನ ಬಿಚ್ಚಿಡ್ತೀನಿ, ಚಪ್ಪಲಿ ಬಿಚ್ಚಿಟ್ಟಂಗೆ. ಅದಕ್ಕೂ ಒಂದು ಜಾಗ ಬೇಕಲ್ಲ. ನಿಂಗದು ಬೇಡ ಅಂದ್ರೆ ಹೋಗು ಪೆಡ್ರೊಗೆ. ಬಂದ್ಮೇಲೆ ಗುಡ್ ಮಾರ್ನಿಂಗ್ ಸರ್ ಅಂತೀನಿ."

ತಮ್ಮ ಬೆಂಚಿನ ಮೇಲೆ ಅವಳ ಕಡೆಗೆ ಸರಿದ. ಆಮೇಲೆ ಮೆಲ್ಲಗೆ ಕೇಳಿದ, "ಎವರಲ್ಡ್ ಮೇಲೆ ಯಾವತ್ತಾದ್ರೂ ರೇಗಿದೀಯಾ?"

"ಅವನ್ಯಾರು ನಂಗೆ, ರೇಗಕ್ಕೆ?"

"ಪಾದ್ರಿ ಮೇಲೆ?"

"ಶೂ ಹಾಕ್ಕೊ" ಎಂದಳು ಡೆಲ್ಸಿ, ಹುಬ್ಬು ಗಂಟಿಕ್ಕಿ. "ಬರಿಗಾಲಲ್ಲಿ ಹೊರಗೆ ಬಂದಿದಾನೆ ಮಂಗ. ಹೂವಿನಂಗಿ ಬೇರೆ."

ಅವನು ಶೂ ಹಾಕಿಕೊಳ್ಳಲು ಬಗ್ಗಿದ. ಮುಖದಲ್ಲಿ ಅಂಥ ನೆಮ್ಮದಿ ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. ಪೆಡ್ರೊ ಮಾತು ಮತ್ತೆ ಬರಲಿಲ್ಲ, ಆ ದೋಣಿ ಬೇರೆ ಯಾರನ್ನೋ ಕರೆದುಕೊಂಡು ಹೋಯಿತು. ನಾನು ದೇವರಿಗೆ ಕೈ ಮುಗಿದು, ಇಬ್ಬರಿಗೂ ಸೂಪು ಹಾಕಲು ಬಟ್ಟಲು ತೆಗೆದೆ.

ಡೆಲ್ಸಿ ನನ್ನ ಕಡೆ ತಿರುಗಿದಳು. ಹುಬ್ಬಿನ ಗಂಟು ಬಿಚ್ಚಿತು. ಕತ್ತು ಒಂದು ಚೂರು ಎಡಕ್ಕೆ ವಾಲಿತು. ನಕ್ಕಳು.

"ಮಿಸ್ ಎನಿಡ್, ನಿಮಗೆ ಸುಮ್ನೆ ತೊಂದ್ರೆ ಕೊಟ್ವಿ. ಸೂಪಿನ ವಾಸನೆ ಎಷ್ಟು ಚೆನ್ನಾಗಿ ಬರ್ತಿದೆ."

ಆ ಕತ್ತು, ಆ ನಗು. ಇಷ್ಟು ವರ್ಷ ದಿನಾ ಸಂಜೆ ಗೇಟು ದಾಟಿ ನನ್ನ ಕಡೆ ಬರುತ್ತಿದ್ದುದು ಇದೇ. ಪಕ್ಕದ ಅಂಗಡಿಯವರ ಹೊಟ್ಟೆ ಉರಿಸಲು ನಾನು ತೋರಿಸಿಕೊಂಡು ಮೆರೆದದ್ದೂ ಇದನ್ನೇ. ಒಂದು ಸಲವಾದರೂ ನನ್ನ ಒಲೆಯ ಹೊಗೆ ಹೆಚ್ಚಾಯಿತೆಂದು ಗೊಣಗಿದ್ದಾಳಾ, ನನ್ನ ಬೆಂಚು ಅಲ್ಲಾಡುತ್ತದೆಂದು ಬೈದಿದ್ದಾಳಾ? ಇಲ್ಲ. ನಾನೂ ಟೋಪಿಯ ಮುದುಕನ ಸಾಲಿನವಳೇ. ಎದುರು ನನ್ನ ತಮ್ಮ ಮಂಗ ಅನ್ನಿಸಿಕೊಂಡು ರಾಜನ ಹಾಗೆ ಕೂತಿದ್ದ. ಅವನನ್ನು ಕಂಡು ನನಗೆ ಉರಿದ ಹಾಗೆ ಪೆಡ್ರೊದ ಆ ಹೆಂಗಸಿನ ಮೇಲೂ ಉರಿದಿರಲಿಲ್ಲ.

ಮುಂದಿನ ಶನಿವಾರ ಇಬ್ಬರೂ ಸೂಪಿಗೆ ಬಂದರು. ನಾನು ಬೇಕೆಂದೇ ಪಾತ್ರೆಗೆ ಇನ್ನೊಂದು ಹಿಡಿ ಉಪ್ಪು ಸುರಿದಿದ್ದೆ. ನಾಯಿ ಕೂಡ ಮುಟ್ಟುವ ಹಾಗಿರಲಿಲ್ಲ. ಡೆಲ್ಸಿ ಒಂದು ಚಮಚ ಬಾಯಿಗಿಟ್ಟಳು. ನಾನು ಅಡುಗೆಬಟ್ಟೆ ಹಿಡಿದು ಅವಳ ಹುಬ್ಬನ್ನೇ ನೋಡುತ್ತ ನಿಂತೆ. ಅವಳು ನುಂಗಿದಳು. ತಲೆಯೆತ್ತಿ, ಕತ್ತು ವಾಲಿಸಿ ನಕ್ಕಳು.

"ತುಂಬಾ ಚೆನ್ನಾಗಿದೆ ಮಿಸ್ ಎನಿಡ್."

ಹೋಪ್ಟನ್ ಮೊದಲ ಚಮಚಕ್ಕೇ ಮುಖ ಕಿವುಚಿದ. ಅವಳು ಅವನ ಕಡೆ ತಿರುಗಿ ಹುಬ್ಬು ಗಂಟಿಕ್ಕಿ, "ಅಕ್ಕನ ಮುಂದೆ ಮುಖ ಹಂಗ್ ಮಾಡ್ಬೇಡ, ಸುಮ್ನೆ ಕುಡಿ" ಎಂದು ಗದರಿದಳು. ತಮ್ಮ ಬಟ್ಟಲಿನ ಮೇಲಿಂದ ನನ್ನ ಮುಖ ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುತ್ತಿದ್ದರೂ ನಿಧಾನವಾಗಿ, ರುಚಿ ನೋಡಿಕೊಂಡು, ಆ ಸೂಪನ್ನೆಲ್ಲ ಕುಡಿದು ಮುಗಿಸಿ ಆ ಕ್ರಿಸ್‌ಮಸ್ ದಿನದ ಹಾಗೆ ಇನ್ನೊಂದು ಬಟ್ಟಲು ಹಾಕಿಸಿಕೊಂಡ.